ಏಳು ವರ್ಷ, ಅದಕ್ಕಿಂತ ಹೆಚ್ಚಿಲ್ಲ



ಹದಿನೈದು ವರ್ಷದ ಹುಡುಗನೊಬ್ಬ ಹದಿನೆಂಟು ದಾಟಿದ ಗೆಳೆಯನ ಜೊತೆ ಸೇರಿ ಬೈಕು ಕದ್ದ ಎಂದಿಟ್ಟುಕೊಳ್ಳಿ. ಬಾಲ ನ್ಯಾಯ ಮಂಡಳಿ ವಿಚಾರಣೆ ನಡೆಸಿತು, ತಪ್ಪು ಮಾಡಿದ್ದು ನಿಜ ಎಂದು ತೀರ್ಮಾನಿಸಿತು, ಬುದ್ಧಿ ಹೇಳಿ, ಸಮುದಾಯ ಸೇವೆಗೆ ಹಚ್ಚಿ, ತಂದೆತಾಯಿಗೆ ಒಪ್ಪಿಸಿತು. ಅವನೀಗ ಇಪ್ಪತ್ಮೂರರ ಯುವಕ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿದೆ, ಓಟ ಉದ್ದಜಿಗಿತವೂ ಮುಗಿದಿವೆ. ಕೈಯಲ್ಲಿರುವ ಪೂರ್ವಾಪರ ಪರಿಶೀಲನೆಯ ನಮೂನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ಹೌದು ಎಂದು ಬರೆದರೆ ಕಾನೂನು ತನಗೆ ಕೊಟ್ಟ ರಕ್ಷಣೆಯನ್ನು ತಾನೇ ಬಿಟ್ಟುಕೊಟ್ಟಂತೆ. ಇಲ್ಲ ಎಂದು ಬರೆದರೆ ಮಾಹಿತಿ ಮುಚ್ಚಿಟ್ಟ ಆರೋಪ. ಇವತ್ತಿನ ನನ್ನ ಮಾತೆಲ್ಲ ಈ ಹುಡುಗನ ಸುತ್ತಲೇ.

ನಮ್ಮ ದೇಶದಲ್ಲಿ ಅಪರಾಧದ ದಾಖಲೆಯನ್ನು ಅಳಿಸುವ ಸಾಮಾನ್ಯ ಕಾನೂನು ಇಲ್ಲ. ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದಿದೆ. ಶಿಕ್ಷೆಯ ಪ್ರಮಾಣಕ್ಕೆ ತಕ್ಕಂತೆ ಇಂತಿಷ್ಟು ಕಾಲ ಮತ್ತೆ ತಪ್ಪು ಮಾಡದಿದ್ದರೆ ಹಳೆಯ ಶಿಕ್ಷೆಯನ್ನು ಬಹುತೇಕ ಕೆಲಸಗಳ ಅರ್ಜಿಯಲ್ಲಿ ಹೇಳಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಇನ್ನೂ ಮುಂದೆ ಹೋಗಿ, ಸಣ್ಣ ಅಪರಾಧಗಳ ದಾಖಲೆಗಳು ಯಾರೂ ಅರ್ಜಿ ಹಾಕದೆಯೇ ಸಾರ್ವಜನಿಕರ ಕಣ್ಣಿಂದ ಮರೆಯಾಗುವಂತೆ ಕಾನೂನು ಮಾಡಿತು. ನಮ್ಮಲ್ಲಿ ಅಂಥದ್ದು ಇರುವುದು ಮಕ್ಕಳಿಗೆ ಮಾತ್ರ. ಆದರೆ ಮಕ್ಕಳಿಗೆ ಇರುವುದು ಸಣ್ಣದೇನಲ್ಲ.

2015ರ ಬಾಲ ನ್ಯಾಯ ಕಾಯ್ದೆಯ 3ನೇ ಕಲಮು ಹೊಸ ಬದುಕಿನ ಆರಂಭವನ್ನು ಒಂದು ಮೂಲತತ್ವವೆಂದೇ ಬರೆದಿಟ್ಟಿದೆ. 24ನೇ ಕಲಮಿನ ಪ್ರಕಾರ, ಮಗುವಿನ ಮೇಲಿನ ತೀರ್ಮಾನದಿಂದ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು. ದಾಖಲೆ ನಾಶಪಡಿಸುವಂತೆ ಮಂಡಳಿಯೇ ಪೊಲೀಸರಿಗೆ ಆದೇಶಿಸಬೇಕು. 74ನೇ ಕಲಮು, ಮುಗಿದ ಪ್ರಕರಣದ ಮಾಹಿತಿಯನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಇನ್ನಾವುದಕ್ಕಾಗಲಿ ಪೊಲೀಸರು ಕೊಡಕೂಡದು ಎನ್ನುತ್ತದೆ. 2016ರ ಮಾದರಿ ನಿಯಮಗಳ 14ನೇ ನಿಯಮ ಕಾಲವನ್ನೂ ಗೊತ್ತುಮಾಡಿದೆ: ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಆಮೇಲೆ ಕಾಗದ ನಾಶವಾಗಬೇಕು. ಒಂದು ಅಪವಾದವಿದೆ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವರನ್ನು ವಯಸ್ಕರಂತೆ ವಿಚಾರಿಸಿದ್ದರೆ ದಾಖಲೆ ಉಳಿಯುತ್ತದೆ. ನೊಂದವರ ಕಡೆಯಿಂದ ನೋಡಿದಾಗ ಈ ಅಪವಾದ ಇರಬೇಕಾದ್ದೇ ಎಂದು ನನ್ನ ಅಭಿಪ್ರಾಯ.

ಇಲ್ಲಿ ಗಮನಿಸಿ. ಹುಡುಗ ಅರ್ಜಿ ಹಾಕಬೇಕು ಎಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಆದೇಶ ಮಾಡಬೇಕಾದ್ದು ಮಂಡಳಿ, ಹರಿದುಹಾಕಬೇಕಾದ್ದು ಕಚೇರಿ. ಇಷ್ಟು ಸ್ಪಷ್ಟವಾಗಿ ರಾಜ್ಯದ ತಲೆಯ ಮೇಲೆ ಹೊರಿಸಿದ ಹೊಣೆ ನಡೆಯಲ್ಲಿ ಮಗುವಿನ ಹೆಗಲಿಗೆ ಜಾರುತ್ತದೆ. ಪ್ರಕರಣ ಇತ್ಯರ್ಥವಾದ ದಿನ ಆದೇಶದ ಕೊನೆಯಲ್ಲಿ ದಾಖಲೆ ನಾಶದ ಒಂದು ಸಾಲು ಬೀಳದೆ ಹೋದರೆ, ಆಮೇಲೆ ಆ ಕಡತವನ್ನು ನೆನಪಿಸಿಕೊಳ್ಳುವವರು ಯಾರೂ ಇರುವುದಿಲ್ಲ, ವೆರಿಫಿಕೇಶನ್‌ಗೆ ಬಂದ ಪೇದೆಯ ಹೊರತು. ಅದರಲ್ಲೂ ನಮ್ಮ ಹುಡುಗನದು ದೊಡ್ಡವನ ಜೊತೆ ಸೇರಿ ಮಾಡಿದ ಕಳ್ಳತನ. ಮಕ್ಕಳ ಸಣ್ಣಪುಟ್ಟ ತಪ್ಪಿಗೆ ಎಫ್‌ಐಆರ್ ಹಾಕಬಾರದೆಂಬ ನಿಯಮ ಇಂಥ ಕಡೆ ಅನ್ವಯಿಸುವುದಿಲ್ಲ. ಗೆಳೆಯನ ಚಾರ್ಜ್‌ಶೀಟಿನಲ್ಲಿ ಇವನ ಹೆಸರೂ ಉಳಿದಿದ್ದರೆ ಒಂದು ಕಡತ ನಾಶವಾದರೂ ಇನ್ನೊಂದು ಬದುಕಿರುತ್ತದೆ.

ಸುಪ್ರೀಂ ಕೋರ್ಟ್ 2019ರಲ್ಲಿ ಕೇಂದ್ರ ಸರ್ಕಾರದ ಮೇಲ್ಮನವಿಯೊಂದನ್ನು ತಳ್ಳಿಹಾಕುತ್ತ, ಬಾಲಕನಾಗಿದ್ದಾಗಿನ ಪ್ರಕರಣದ ಕಳಂಕ ಬದುಕಿಡೀ ಬೆನ್ನಿಗೆ ಬರಬಾರದು, ಅದನ್ನು ಅಳಿಸುವುದೇ ಈ ಶಾಸನದ ಒಲವು ಎಂದಿತು. ಅದಕ್ಕೂ ಮೊದಲು, 2016ರ ಜುಲೈನಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಬಗ್ಗೆ ಹೇಳಿದ್ದು ಬೇರೆ: ನಮೂನೆಯಲ್ಲಿ ಸತ್ಯವನ್ನೇ ಬರೆಯಬೇಕು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಮಾಲೀಕರು ಮನ್ನಿಸಬಹುದು, ಸತ್ಯ ಬರೆದವರನ್ನೂ ತೆಗೆದುಕೊಳ್ಳಲೇಬೇಕೆಂದೇನಿಲ್ಲ. ಈ ಎರಡನ್ನೂ ಕೂಡಿಸಿ ಓದಿಕೊಂಡು ಹೌದು, ಇಲ್ಲಗಳ ನಡುವೆ ಒಂದಕ್ಕೆ ಗುರುತು ಹಾಕು ಎಂದು ಇಪ್ಪತ್ಮೂರರ ಹುಡುಗನಿಗೆ ಹೇಳುವುದು ನ್ಯಾಯವೇ? ತಪ್ಪು ಆ ಪ್ರಶ್ನೆಯದು. ‘ಹದಿನೆಂಟು ತುಂಬಿದ ಮೇಲೆ’ ಎಂಬ ಮೂರು ಪದ ನಮೂನೆಯೊಳಗೆ ಸೇರಿದರೆ ಈ ಸಂಕಟವೇ ಇರುವುದಿಲ್ಲ. ಇದಕ್ಕೆ ಶಾಸನಸಭೆ ಸೇರಬೇಕಾಗಿಲ್ಲ, ನಮೂನೆ ಅಚ್ಚು ಹಾಕಿಸುವ ಇಲಾಖೆ ಮನಸ್ಸು ಮಾಡಿದರೆ ಸಾಕು.

ವಯಸ್ಕರ ಪಾಡು ಇನ್ನೂ ಕಷ್ಟ. 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಮು ಒಳ್ಳೆಯ ನಡತೆಯ ಮೇಲೆ ಬಿಟ್ಟವರಿಗೆ ಶಿಕ್ಷೆಯ ಅನರ್ಹತೆ ತಟ್ಟದಂತೆ ನೋಡಿಕೊಳ್ಳುತ್ತದೆ, ಆದರೆ ತಪ್ಪಿತಸ್ಥನೆಂಬ ತೀರ್ಪು ಹಾಗೆಯೇ ಉಳಿಯುತ್ತದೆ. 2022ರ ಗುರುತು ಕಾಯ್ದೆ ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಹಿಂದೆ ಶಿಕ್ಷೆಯಾಗಿರದವನು ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ಬೇಡವೆಂದು ನ್ಯಾಯಾಲಯ ಕಾರಣ ಬರೆಯದಿದ್ದರೆ, ನಾಶ. ಅಲ್ಲಿಯವರೆಗೆ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಹತ್ತು ವರ್ಷ ಕಳೆದರೂ ಆಶ್ಚರ್ಯವಿಲ್ಲ.

ಕಡತ ಹೋದರೂ ಮೊಬೈಲಿನಲ್ಲಿ ಹೆಸರು ಹುಡುಕಿದರೆ ತೀರ್ಪು ಸಿಗುತ್ತದೆ. ಇದನ್ನು ತಡೆಯುವ ಪ್ರಯತ್ನದಲ್ಲಿ ಕರ್ನಾಟಕದ ಪಾಲು ದೊಡ್ಡದು. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ತಂದೆಯೊಬ್ಬರ ಕೋರಿಕೆಯ ಮೇಲೆ, ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಅದೇ ಆಗಸ್ಟಿನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಎತ್ತಿಹಿಡಿದದ್ದು ನಮ್ಮವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆದರೂ ದಾರಿ ಇನ್ನೂ ತೆರವಾಗಿಲ್ಲ. ಖುಲಾಸೆಯಾದವರೊಬ್ಬರ ಹೆಸರನ್ನು ತೀರ್ಪಿನಿಂದ ಮರೆಮಾಡಲು 2024ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬ ಆತಂಕ ನನಗೆ ಅರ್ಥವಾಗುತ್ತದೆ. ತೀರ್ಪಿನ ತರ್ಕವನ್ನು ಓದಲು ಆರೋಪಿಯ ಹೆಸರು ಬೇಕೇ ಬೇಕೆಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಸಭೆಯಲ್ಲಿ ತರುಣ ವಕೀಲರಿದ್ದೀರಿ. ಮಂಡಳಿಯ ಮುಂದೆ ಮಗುವಿನ ಪರ ನಿಂತಾಗ ಬಿಡುಗಡೆಯ ಆದೇಶ ಸಿಕ್ಕಿತೆಂದು ಎದ್ದು ಬರಬೇಡಿ. 24ನೇ ಕಲಮಿನ ಆದೇಶ ಅದೇ ದಿನ, ಅದೇ ಹಾಳೆಯಲ್ಲಿ ಬರಲಿ ಎಂದು ಕೇಳಿ. ಯಾವ ಠಾಣೆ, ಯಾವ ಕ್ರೈಂ ನಂಬರ್, ಯಾವ ತಾರೀಖಿನೊಳಗೆ ನಾಶವಾಗಬೇಕು ಎಂಬುದು ಅದರಲ್ಲಿರಲಿ. ದೃಢೀಕೃತ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟು, ಇದನ್ನು ಏಕೆ ಜೋಪಾನವಾಗಿಡಬೇಕೆಂದು ಬಿಡಿಸಿ ಹೇಳಿ. ಏಳು ವರ್ಷದ ಮೇಲೆ ಕಚೇರಿಯಿಂದ ಮನೆಗೆ ಪತ್ರ ಬರಲಿ ಎಂದು ಮಾತ್ರ ಕೇಳಬೇಡಿ. ಅಂಚೆಯವನು ತರುವ ಪೊಲೀಸ್ ಮುದ್ರೆಯ ಲಕೋಟೆ ಇಡೀ ಬೀದಿಗೆ ಹಳೆಯದನ್ನು ನೆನಪಿಸುತ್ತದೆ. ಮಂಡಳಿಗಳು ವರ್ಷಕ್ಕೊಮ್ಮೆ ಅವಧಿ ಮುಗಿದ ಕಡತಗಳನ್ನು ತೆಗೆದು ನಾಶಪಡಿಸಲಿ. ಎಷ್ಟು ಕಡತ ನಾಶವಾಯಿತೆಂಬ ಲೆಕ್ಕವನ್ನು ಹೆಸರಿಲ್ಲದೆ ಹೈಕೋರ್ಟಿನ ಬಾಲ ನ್ಯಾಯ ಸಮಿತಿಗೆ ಕಳಿಸಲಿ. ಆ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಕೇಳುವ ಕೆಲಸವನ್ನು ಈ ಕಾಲೇಜಿನ ಕಾನೂನು ನೆರವು ಘಟಕ ಮುಂದಿನ ತಿಂಗಳೇ ಶುರುಮಾಡಬಹುದು.