ಪ್ರಾಣವು ಮೊದಲು, ಮರ್ಯಾದೆಯು ಆಮೇಲೆ
(ಇಡಗುಂದಿಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಮದ್ಯಪಾನವು ಕೆಟ್ಟದ್ದೆಂಬದನ್ನು ಸಾಧಿಸಿ ತೋರಿಸಲು ನಾನಿಲ್ಲಿ ನಿಂತಿಲ್ಲ. ಅದನ್ನು ನೀವು ಬಾಲ್ಯದಿಂದಲೂ ಕೇಳಿರುವಿರಿ. ಕೇಳಿಯೂ ಒಬ್ಬ ಗೆಳೆಯನು ಮಿತಿಮೀರಿ ಕುಡಿದು, ಇಲ್ಲವೆ ಮಾದಕ ಪದಾರ್ಥವನ್ನು ಸೇವಿಸಿ, ಎಚ್ಚರದಪ್ಪಿ ಬಿದ್ದಾಗ ಬಳಿಯಲ್ಲಿದ್ದವರು ಏನು ಮಾಡತಕ್ಕದ್ದು? ಇದೊಂದೇ ಇಂದಿನ ನನ್ನ ಅರಿಕೆ.

ಈ ಸೀಮೆಯ ಮಕ್ಕಳು ಯಲ್ಲಾಪುರ, ಶಿರಸಿ, ಹುಬ್ಬಳ್ಳಿ, ಧಾರವಾಡಗಳಿಗೆ ಓದಲು ಹೋಗುವರು. ಅಡಿಕೆ ಮಾರಿದ ಹಣದಿಂದ ತಂದೆತಾಯಿಗಳು ಅವರನ್ನು ಓದಿಸುವರು. ಅಂಥ ಮನೆಯ ಹುಡುಗನಿಗೆ ಆ ಹೊತ್ತಿನಲ್ಲಿ ಮೊದಲು ಹೊಳೆಯುವದು ಗೆಳೆಯನ ಉಸಿರಲ್ಲ. ‘ಅಪ್ಪನಿಗೆ ತಿಳಿದರೆ ಏನು ಗತಿ? ಕಾಲೇಜಿನಿಂದ ಹೊರಗೆ ಹಾಕಿದರೆ?’ ಎಂಬ ಭಯ. ನನ್ನ ಓದಿನ ಕಾಲದಲ್ಲಿ ಹೀಗೆ ಬಾಗಿಲು ಮುಚ್ಚಿ ಕುಳಿತವರಲ್ಲಿ ನಾನೂ ಒಬ್ಬನು. ಹುಳಿಮಜ್ಜಿಗೆ ಹೊಯ್ದೆವು, ತಲೆಗೆ ನೀರು ಸುರಿದೆವು, ‘ಬೆಳಗಾದರೆ ಸರಿಹೋದೀತು’ ಎಂದೆವು. ಅಡಿಗೆಯ ಮುದುಕನು ಬಾಗಿಲು ಬಡಿದು ಒಳಬಂದು ನಮ್ಮನ್ನು ಗದರಿಸಿ ಆಸ್ಪತ್ರೆಗೆ ಹೊರಡಿಸಿದ್ದರಿಂದ ಆ ಗೆಳೆಯನು ಬದುಕಿದನು. ನಮ್ಮ ಜಾಣತನದಿಂದಲ್ಲ.

ಕುಡಿಯುವದು ನಿಂತ ಮೇಲೆಯೂ ಹೊಟ್ಟೆಯಲ್ಲಿಯ ಮದ್ಯವು ರಕ್ತಕ್ಕೆ ಸೇರುತ್ತಲೇ ಇರುವದು. ಕಾರಣ, ಮಲಗಿದವನ ಸ್ಥಿತಿಯು ಇನ್ನೂ ಕೆಡಬಹುದು. ಎಚ್ಚರವಿಲ್ಲದವನ ಬಾಯಲ್ಲಿ ಹೊಯ್ದ ಮಜ್ಜಿಗೆಯೂ ಅವನ ವಾಂತಿಯೂ ಶ್ವಾಸನಾಳಕ್ಕಿಳಿದು ಉಸಿರು ಕಟ್ಟಬಹುದು. ಅಲುಗಿಸಿದರೂ ಏಳದಿರುವದು, ನಿಮಿಷಕ್ಕೆ 8 ಸಲಕ್ಕಿಂತ ಕಡಿಮೆ ಉಸಿರಾಡುವದು, ಉಸಿರು ಉಸಿರಿನ ನಡುವೆ 10 ಸೆಕೆಂಡು ಕಳೆಯುವದು, ತುಟಿ ನೀಲಿಯಾಗುವದು, ಮೈ ತಣ್ಣಗಾಗುವದು, ಸೆಳವು ಬರುವದು, ಇವುಗಳಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಕರೆಮಾಡಿರಿ. ಘಟ್ಟದ ದಾರಿಯ ಊರಿಗೆ ವಾಹನ ಬರಲು ಹೊತ್ತು ಹಿಡಿಯುವದು, ಅದಕ್ಕೆಂದೇ ತಡಮಾಡಲಾಗದು. ಅಲ್ಲಿಯ ತನಕ ಅವನನ್ನು ಮಗ್ಗುಲಾಗಿ ಮಲಗಿಸಿ, ಒಂಟಿಯಾಗಿ ಬಿಡದೆ, ಉಸಿರನ್ನು ನೋಡುತ್ತಿರಿ. ವೈದ್ಯರಿಗೆ ಸೇವಿಸಿದ್ದೇನೆಂಬದನ್ನು ಮುಚ್ಚದೆ ಹೇಳಿರಿ. ಅಫೀಮಿನ ಜಾತಿಯ ಮಾದಕಗಳಿಗೆ ನಲಾಕ್ಸೋನ್ ಎಂಬ ಪ್ರತಿಮದ್ದುಂಟು. ಹೆಸರು ತಿಳಿಯದೆ ಮದ್ದು ಹುಡುಕುವಾಗ ಅಮೂಲ್ಯವಾದ ವೇಳೆಯು ಕಳೆಯುವದು.

1981ರಲ್ಲಿ ಬೆಂಗಳೂರಿನಲ್ಲಿಯೂ, 2008ರಲ್ಲಿ ಕರ್ನಾಟಕ-ತಮಿಳುನಾಡುಗಳ ಗಡಿಸೀಮೆಯಲ್ಲಿಯೂ ವಿಷಮದ್ಯವು ನೂರಾರು ಜನರನ್ನು ಕೊಂದಿತು. ಅದರಲ್ಲಿಯ ಮೆಥನಾಲು ಮೊದಲು ಬರಿಯ ಅಮಲಿನಂತೆ ತೋರಿ, ಹಲವು ತಾಸುಗಳ ಮೇಲೆ ಕಣ್ಣನ್ನು ಮಂಜುಮಾಡುವದು. ‘ಕಣ್ಣು ಕಾಣದು’ ಎಂದವನನ್ನು ಮಲಗಿಸುವದಲ್ಲ, ಆಸ್ಪತ್ರೆಗೆ ಒಯ್ಯುವದೇ ಧರ್ಮ.

ಇನ್ನು ಕಾಯಿದೆಯ ಭಯ. ಕಾನೂನಿನ ವಿಧಿವಿಧಾನಗಳಿಗಾಗಿ ಕಾಯದೆ ವೈದ್ಯರು ಮೊದಲು ಪ್ರಾಣವನ್ನು ಉಳಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ವಿಧಿಸಿದೆ. ಮಾದಕ ಸೇವನೆಯು 1985ರ ಕಾಯಿದೆಯ ಪ್ರಕಾರ ಅಪರಾಧವು ಹೌದು. ಆದರೂ ಚಟಕ್ಕೆ ಬಿದ್ದವನು ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ, ಸೇವನೆಯ ಮೊಕದ್ದಮೆಯಿಂದ ಅವನಿಗೆ ರಕ್ಷಣೆಯನ್ನು ಅದೇ ಕಾಯಿದೆಯು ಕೊಟ್ಟಿದೆ. 14446ಕ್ಕೆ ಕರೆಮಾಡಿದರೆ ಚಟ ಬಿಡುವ ದಾರಿಯನ್ನು ತಿಳಿಸುವರು.

ಕೊನೆಗೆ ಹಿರಿಯರಲ್ಲಿ ಒಂದು ಮಾತು. ಇಳಕಲ್ಲಿನ ಪೂಜ್ಯ ಮಹಾಂತ ಅಪ್ಪಗಳವರು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಜೋಳಿಗೆಯನ್ನು ಒಡ್ಡಿದವರ ಮುಂದೆ ತಪ್ಪನ್ನು ಬಚ್ಚಿಡುವ ಕಾರಣವಿಲ್ಲ. ನಮ್ಮ ಮನೆಗಳೂ ಹಾಗೆಯೇ ಆಗಲಿ. ‘ತಮ್ಮಾ, ಎಷ್ಟು ಹೊತ್ತಿಗಾದರೂ ನನಗೆ ತಿಳಿಸು, ಮೊದಲು ಬದುಕಿಸೋಣ, ಬುದ್ಧಿಮಾತು ಆಮೇಲೆ’ ಎಂದು ಇಂದೇ ಮನೆಯಲ್ಲಿ ಹೇಳಿರಿ. ಬೈಗಳನ್ನು ಬೆಳಗಿಗೆ ಮುಂದೂಡಬಹುದು; ಉಸಿರನ್ನು ಮುಂದೂಡಲಾಗದು.