ಒಂದೇ ಬಾನು, ಹಲವು ದನಿ



ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಹೆಸರು ಸೊಗಸಾದುದು, ಅದರ ಏಕವಚನವನ್ನೂ ಗಮನಿಸಬೇಕು. ಅಲ್ಲಿ ನುಡಿಯುವವನು ಒಬ್ಬ, ಕೇಳುವವರು ಸಾವಿರ. ಆ ಸಾವಿರ ಮಂದಿಯೂ ಒಂದೇ ಬಾನಿನಲ್ಲಿ ನುಡಿಯಬಯಸಿದರೆ ಗತಿಯೇನು? ಇಂದಿನ ನಿಸ್ತಂತು ಜಾಲಗಳ ಮುಂದಿರುವ ಪ್ರಶ್ನೆ ಇದು. ನಾನು ಭಾಷೆಯ ಪಾಠ ಹೇಳಿದವನೇ ಹೊರತು ಯಂತ್ರವಿಜ್ಞಾನಿಯಲ್ಲ. ಆದರೂ ಇದು ಮಾತಿನ ಮರ್ಯಾದೆಯ ಪ್ರಶ್ನೆಯಾದ್ದರಿಂದ ನನ್ನನ್ನು ಸೆಳೆದಿದೆ.

ಇದಕ್ಕೊಂದು ಉತ್ತರ ಹೊಳೆದದ್ದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದ ಕಂಪ್ಯೂಟರು ಹೊನೊಲುಲುವಿನಲ್ಲಿ; ಬಳಸಬೇಕಾದವರು ದೂರದೂರದಲ್ಲಿ. ಕೀಲಿಮಣೆಯ ಮುಂದೆ ಕುಳಿತವನು ಬರೆಯುವುದು ಕ್ಷಣಕಾಲ, ಯೋಚಿಸುವುದು ಬಹುಕಾಲ. ಪ್ರತಿಯೊಬ್ಬನಿಗೂ ಬಾನಿನ ಒಂದು ಪಾಲನ್ನು ಶಾಶ್ವತವಾಗಿ ಹಂಚಿಕೊಟ್ಟರೆ ಅದರ ಬಹುಭಾಗ ಬರಿದೇ ಬಿದ್ದಿರುತ್ತದೆ. ಆದ್ದರಿಂದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ಬೇರೊಂದು ಹಾದಿ ಹಿಡಿದರು. ಹೇಳಲು ಏನಾದರೂ ಇದ್ದಾಗ ಯಾರನ್ನೂ ಕೇಳದೆ ಹೇಳಿಬಿಡು. ತಲುಪಿತೆಂಬ ಉತ್ತರ ಬಾರದಿದ್ದರೆ ಇನ್ನೊಬ್ಬನ ಮಾತಿಗೆ ನಿನ್ನ ಮಾತು ಡಿಕ್ಕಿಯಾಯಿತೆಂದು ತಿಳಿ. ತುಸು ಕಾದು ಮತ್ತೆ ಹೇಳು. ಆ ಕಾಯುವ ಹೊತ್ತು ಮಾತ್ರ ಒಬ್ಬೊಬ್ಬರಿಗೆ ಒಂದೊಂದು, ಚೀಟಿ ಎತ್ತಿದಂತೆ. ಇಲ್ಲವಾದರೆ ಕಿರುಬಾಗಿಲಲ್ಲಿ ಎದುರಾದ ಇಬ್ಬರು ‘ತಾವು ಮೊದಲು’ ಎಂದು ಒಟ್ಟಿಗೇ ನಿಂತು, ಒಟ್ಟಿಗೇ ಹೆಜ್ಜೆಯಿಟ್ಟಂತಾದೀತು. ಈ ಜಾಲಕ್ಕೆ ಆ ನಾಡಿನ ಸ್ವಾಗತದ ನುಡಿಯನ್ನೇ ಹೆಸರಾಗಿಟ್ಟರು: ಅಲೋಹಾ.

ಸ್ವಾತಂತ್ರ್ಯಕ್ಕೆ ಬೆಲೆಯಿತ್ತು. ಹೊತ್ತಿನ ನೂರು ಪಾಲಿನಲ್ಲಿ ಹೆಚ್ಚೆಂದರೆ ಸುಮಾರು 18 ಪಾಲು ಮಾತ್ರ ಸಾರ್ಥಕವಾಗುತ್ತಿತ್ತು. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಒಂದು ಸಣ್ಣ ಕಟ್ಟುಪಾಡನ್ನು ಸೂಚಿಸಿದರು: ಕಾಲವನ್ನು ಸಮನಾದ ತುಣುಕುಗಳಾಗಿ ಮಾಡಿ, ತುಣುಕಿನ ಆರಂಭದಲ್ಲಿ ಮಾತ್ರ ನುಡಿಯತಕ್ಕದ್ದು. ಮೇಳದವರು ತಾಳದ ಪೆಟ್ಟಿಗೆ ಸರಿಯಾಗಿ ಎತ್ತಿಕೊಂಡಂತೆ. ಒಬ್ಬನ ಮಾತಿನ ಬಾಲಕ್ಕೆ ಇನ್ನೊಬ್ಬನ ತಲೆ ತಾಗುವುದು ತಪ್ಪಿತು. ಸಾಮರ್ಥ್ಯ ಇಮ್ಮಡಿಸಿ ಸುಮಾರು 37 ಪಾಲಾಯಿತು.

ಗುಂಪು ಹಿಗ್ಗಿದಾಗ ಇದೂ ಸಾಲದು. ಡಿಕ್ಕಿಯಾದವರೆಲ್ಲ ಆತುರದಿಂದ ಮತ್ತೆ ಕೂಗಿದರೆ ಡಿಕ್ಕಿಗಳೇ ಬೆಳೆದು, ಕೊನೆಗೆ ಯಾರ ಮಾತೂ ಯಾರಿಗೂ ತಲುಪದು. ಅಲೋಹಾವನ್ನು ಅಭ್ಯಸಿಸಿದ ರಾಬರ್ಟ್ ಮೆಟ್‌ಕಾಫ್ ಇದಕ್ಕೆ ಉಪಾಯ ಕಂಡರು: ಸಂದಣಿ ಹೆಚ್ಚಿದಂತೆ ತಾಳ್ಮೆಯೂ ಹೆಚ್ಚಬೇಕು. ಅವರು 1973ರಿಂದ ರೂಪಿಸಿದ ತಂತಿಜಾಲ ಈಥರ್‌ನೆಟ್‌ನಲ್ಲಿ, ಪ್ರತಿ ಡಿಕ್ಕಿಯ ಬಳಿಕ ಕಾಯುವ ಅವಧಿಯ ಮೇರೆ ಇಮ್ಮಡಿಯಾಗುತ್ತಿತ್ತು. ಇದೇ ನೀತಿ ಇಂದಿನ ವೈಫೈಯಲ್ಲಿಯೂ ಉಂಟು. ಅಲ್ಲಿ ನುಡಿಯುವ ಮುನ್ನ ಕಿವಿಗೊಡುವ ಸೌಜನ್ಯವೂ ಸೇರಿದೆ. ನಮ್ಮ ಜೇಬಿನ ಮೊಬೈಲ್ ತನ್ನ ಮೊದಲ ಕೋರಿಕೆಯನ್ನು ಅಲೋಹಾದ ಬಗೆಯಲ್ಲಿಯೇ ಕೂಗಿ ಹೇಳುತ್ತದೆ. ಗೋಪುರ ಅದನ್ನು ಕೇಳಿದ ಮೇಲೆ ಸರದಿಯನ್ನು ಗೊತ್ತುಮಾಡುತ್ತದೆ. ಕೋರಿಕೆಗೆ ಸ್ವಾತಂತ್ರ್ಯ, ಸಂಭಾಷಣೆಗೆ ಶಿಸ್ತು.

ಇದು ಬರಿಯ ಶಿಷ್ಟಾಚಾರದ ಮಾತಲ್ಲ. ನೆರೆಯೋ ಭೂಕಂಪವೋ ಬಂದಾಗ ಎಲ್ಲರೂ ಒಮ್ಮೆಗೇ ಮನೆಯವರನ್ನು ಕರೆಯತೊಡಗುತ್ತಾರೆ. ಆಗ ಗೋಪುರವು ಸಾಮಾನ್ಯ ಕರೆಗಳನ್ನು ತಡೆದು, ರಕ್ಷಣೆಯವರಿಗೆ ದಾರಿ ಬಿಡುವ ಏರ್ಪಾಡೂ ಈ ವ್ಯವಸ್ಥೆಯಲ್ಲಿದೆ. ಕುಶಲ ವಿಚಾರಿಸುವವನು ಅರೆಗಳಿಗೆ ತಡೆದರೆ, ಅವಶೇಷದಡಿ ಸಿಲುಕಿದವನ ಕೂಗು ತಲುಪೀತು. ಬಾನು ಹಿಗ್ಗುವುದಿಲ್ಲ, ಅದರಲ್ಲಿ ಎಷ್ಟು ಮಂದಿಗೆ ಎಡೆಯುಂಟೆಂಬುದು, ನುಡಿಯುವವರು ಎಷ್ಟು ಕಾಯಬಲ್ಲರು ಎಂಬುದನ್ನೂ ಅವಲಂಬಿಸಿದೆ.