ಒಂದು ಅಕಾರದ ವಿಚಾರ

ಸಂಧಿ ಬಿಡಿಸುವುದು ಪಾಠಶಾಲೆಯ ಮಕ್ಕಳ ಕೆಲಸವೆಂದು ನೀವು ಎಣಿಸಿರಬಹುದು. ಆದರೆ ಒಂದು ಸಂಧಿಯನ್ನು ಹೇಗೆ ಬಿಡಿಸಬೇಕೆಂಬ ಪ್ರಶ್ನೆ ಏಳು ಶತಮಾನಗಳಿಂದ ನಮ್ಮ ವಿದ್ವಾಂಸರನ್ನು ವಾದಕ್ಕೆ ಎಳೆಯುತ್ತ ಬಂದಿದೆ.

ಛಾಂದೋಗ್ಯೋಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ 9 ಸಲ ಹೇಳುವ ಮಾತು 'ತತ್ತ್ವಮಸಿ'. 'ಅದೇ ನೀನು' ಎಂದು ಅದ್ವೈತಿಗಳು ಅರ್ಥ ಹೇಳುವರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಅದರ ಹಿಂದಿನ ಪದದ ಕಡೆಗೆ ಗಮನ ಸೆಳೆದರು. ಆ ಪದ 'ಆತ್ಮಾ'. ವಿದ್ಯಾ, ಅಭ್ಯಾಸ ಎಂಬೆರಡು ಪದಗಳು ಸೇರಿ ವಿದ್ಯಾಭ್ಯಾಸವಾಗುವಾಗ ಅಕಾರವು ದೀರ್ಘದಲ್ಲಿ ಅಡಗುವುದಷ್ಟೆ? ಇಲ್ಲಿಯೂ ಹಾಗೆಯೇ ಒಂದು ಅಕಾರ ಅಡಗಿದೆಯೆಂದರು. ಬಿಡಿಸಿದರೆ 'ಅತತ್ ತ್ವಮಸಿ', ಎಂದರೆ 'ನೀನು ಅದಲ್ಲ' ಎಂದಾಗುತ್ತದೆ.

ಇದೇನು ಬರಿಯ ಶಬ್ದಚಮತ್ಕಾರವೆ ಎಂದು ನೀವು ಕೇಳಬಹುದು. ವ್ಯಾಕರಣವು ಎರಡು ರೀತಿಗೂ ಎಡೆಗೊಡುತ್ತದೆ. ಯಾವುದು ಸರಿಯೆಂದು ಅದೊಂದೇ ನಿರ್ಣಯಿಸಲಾರದು. ಆದುದರಿಂದ ದ್ವೈತಿಗಳು ಪ್ರಕರಣವನ್ನು ನೋಡಿರೆನ್ನುತ್ತಾರೆ. ಮೊದಲು ಉಪಕ್ರಮ: 12 ವರ್ಷ ಓದಿ ಮನೆಗೆ ಮರಳಿದ ಶ್ವೇತಕೇತು ಗರ್ವದಿಂದ ಬೀಗಿದ್ದನು. ಅಂಥವನಿಗೆ 'ನೀನೇ ಬ್ರಹ್ಮ'ವೆಂದರೆ ಗರ್ವ ಇಳಿಯುವುದೆ? ಎರಡನೆಯದು ದೃಷ್ಟಾಂತಗಳು: ದಾರಕ್ಕೆ ಕಟ್ಟಿದ ಹಕ್ಕಿ ಎಲ್ಲೆಲ್ಲಿ ಹಾರಿದರೂ ಕಟ್ಟಿದ ತಾಣವನ್ನೇ ಆಶ್ರಯಿಸುವುದು, ಹಕ್ಕಿ ಬೇರೆ, ಆಶ್ರಯ ಬೇರೆ. ನದಿಗಳು ಕಡಲನ್ನು ಸೇರಿದಾಗ ಭೇದ ಕಾಣದೆ ಹೋಗಬಹುದು, ಇಲ್ಲದೆ ಹೋಗದು. ಮೂರನೆಯದು ಅನುಭವ: 'ನಾನು ಅಲ್ಪನು, ದುಃಖಿ' ಎಂದು ಪ್ರತಿಯೊಬ್ಬನ ಒಳಗಿನ ಸಾಕ್ಷಿಯೇ ನುಡಿಯುತ್ತಿದೆ. ಅದಕ್ಕೆ ವಿರುದ್ಧವಾಗಿ ಶ್ರುತಿ ಹೇಳದೆಂಬುದು ಅವರ ನಿಲುವು.

ಅದ್ವೈತಿಗಳು ಸುಮ್ಮನಿರಲಿಲ್ಲ. ಕಡಲಿನಲ್ಲಿ ನದಿಯ ಹೆಸರೇ ಉಳಿಯದಲ್ಲ, ಮಣ್ಣನ್ನು ತಿಳಿದರೆ ಮಡಕೆಯೆಲ್ಲ ತಿಳಿದಂತೆ ಎಂದು ಅದೇ ಪ್ರಕರಣದ ಆರಂಭವೇ ಹೇಳುವುದಲ್ಲ ಎಂದರು. ವ್ಯಾಸತೀರ್ಥರು 'ನ್ಯಾಯಾಮೃತ'ದಲ್ಲಿ, ಅಕಾರವನ್ನು ಒಪ್ಪದಿದ್ದರೂ 'ನೀನು ಅವನ ಅಧೀನನು' ಎಂಬಂತಹ ಅರ್ಥಗಳು ಹೊಂದುವುವೆಂದು ತೋರಿಸಿದರು. ಮಧುಸೂದನ ಸರಸ್ವತಿಗಳ 'ಅದ್ವೈತಸಿದ್ಧಿ' ಅದಕ್ಕೆ ಉತ್ತರವಾಗಿ ಹುಟ್ಟಿತು. ವಾದ ಮುಂದುವರಿಯಿತು.

ಒಂದು ಅಕ್ಷರಕ್ಕೆ ಇಷ್ಟೇಕೆ ಹೋರಾಟ? ಆ ಅಕಾರ ಉಳಿದರೆ ಪೂಜಿಸುವವನೂ ಪೂಜೆಗೊಳ್ಳುವವನೂ ಎಂದೆಂದಿಗೂ ಇಬ್ಬರು. ಭಕ್ತಿಯು ಮುಕ್ತಿಯಲ್ಲಿಯೂ ಮುಗಿಯದು. ಅಳಿದರೆ ಆ ಇಬ್ಬರೆಂಬ ಎಣಿಕೆಯೇ ಕೊನೆಗೆ ಕರಗುವುದು. ನೀವು ಯಾವ ಮತದವರೇ ಆಗಿರಿ, ಆ ಅಧ್ಯಾಯವನ್ನು ಓದುವಾಗ ಮೂರು ಪದಗಳನ್ನು ಮಾತ್ರ ಕಿತ್ತುಕೊಳ್ಳಬೇಡಿ. ತಂದೆ ಯಾರಿಗೆ, ಏತಕ್ಕಾಗಿ, ಯಾವ ಉದಾಹರಣೆ ಕೊಟ್ಟು ಹೇಳಿದನೆಂಬುದನ್ನೂ ಜೊತೆಗಿಟ್ಟುಕೊಂಡು ಓದಿರಿ.